ಮೊದಲ ಪರೀಕ್ಷೆ ಗಂಡನದಾಗಲಿ

ಮಕ್ಕಳಾಗದಿರುವುದಕ್ಕೆ ಗಂಡಸರ ಕಡೆಯ ಕಾರಣಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವನ್ನು ಹೆಂಗಸರೇ ಬರೆದಿದ್ದಾರೆ. ದಾವಣಗೆರೆಯ ನನ್ನ ಕ್ಲಿನಿಕ್ಕಿನಲ್ಲೂ ನೋಡುವುದು ಇದನ್ನೇ. ದಪ್ಪ ಫೈಲು ಹಿಡಿದು ಒಳಗೆ ಬರುವವಳು ಹೆಂಡತಿ. ಗಂಡ ಹೊರಗೆ ಬೈಕಿನ ಹತ್ತಿರ ನಿಂತಿರುತ್ತಾನೆ. ಮೂತ್ರಾಂಗಗಳ ಶಸ್ತ್ರವೈದ್ಯನಾದ ನನಗೆ ಈ ದೃಶ್ಯ ಇನ್ನೂ ರೂಢಿಯಾಗಿಲ್ಲ, ಆಗುವುದೂ ಬೇಡ. ಪತ್ರಗಳನ್ನು ಸ್ವಲ್ಪ ಮೊಟಕುಗೊಳಿಸಿದ್ದೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಪ್ರಶ್ನೆ: ಮದುವೆಯಾಗಿ ಆರು ವರ್ಷ. ನನಗೆ ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಗರ್ಭನಾಳಕ್ಕೆ ಬಣ್ಣ ಬಿಟ್ಟು ಎಕ್ಸ್‌ರೇ, ಕೊನೆಗೆ ಲ್ಯಾಪ್ರೋಸ್ಕೋಪಿ, ಎಲ್ಲ ಆಯಿತು. ಎಲ್ಲ ನಾರ್ಮಲ್ ಎಂದರು. ನಮ್ಮ ಯಜಮಾನರಿಗೆ ಒಂದೂ ಪರೀಕ್ಷೆ ಆಗಿಲ್ಲ. ಕೇಳಿದರೆ ‘ನನಗೇನಾಗಿದೆ, ಎಲ್ಲ ಸರಿಯಾಗಿಯೇ ಇದೆಯಲ್ಲ’ ಅನ್ನುತ್ತಾರೆ. ಅತ್ತೆ ಇನ್ನೊಂದು ಹೆಣ್ಣು ನೋಡುವ ಮಾತಾಡುತ್ತಿದ್ದಾರೆ.
– ಹೆಸರು ಬೇಡ, ರಾಣೆಬೆನ್ನೂರು ತಾಲ್ಲೂಕು

ಉತ್ತರ: ತಂಗಿ, ನಿಮಗೆ ಆದ ಪರೀಕ್ಷೆಗಳ ಕ್ರಮ ಓದಿ ಸಿಟ್ಟು ಬಂತು. ಲ್ಯಾಪ್ರೋಸ್ಕೋಪಿ ಎಂದರೆ ಅರಿವಳಿಕೆ ಕೊಟ್ಟು, ಹೊಟ್ಟೆಗೆ ತೂತು ಮಾಡಿ ನೋಡುವುದು. ಗಂಡನ ವೀರ್ಯ ಪರೀಕ್ಷೆಗೆ ಸೂಜಿಯೂ ಚುಚ್ಚುವುದಿಲ್ಲ. ಕೆಲವು ನೂರು ರೂಪಾಯಿ, ಸಂಜೆಯೊಳಗೆ ವರದಿ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಗಂಡನ ಕಡೆಯ ಕಾರಣ ಇದ್ದೇ ಇರುತ್ತದೆ. ಕೆಲವರಲ್ಲಿ ಅದೊಂದೇ, ಕೆಲವರಲ್ಲಿ ಹೆಂಡತಿಯ ಕಾರಣದ ಜೊತೆ ಸೇರಿಕೊಂಡು. ಹಾಗಿದ್ದ ಮೇಲೆ ಒಂದು ವರ್ಷ ಕೂಡಿ ಬಾಳಿಯೂ ಬಸಿರಾಗದಿದ್ದರೆ ಮೊದಲ ದಿನವೇ ಆಗಬೇಕಾದದ್ದು ಗಂಡನ ಪರೀಕ್ಷೆ. ಹೆಂಡತಿಗೆ ಮೂವತ್ತೈದು ದಾಟಿದ್ದರೆ ಒಂದು ವರ್ಷವೂ ಕಾಯಬಾರದು, ಆರು ತಿಂಗಳಿಗೇ ಇಬ್ಬರೂ ಬರಬೇಕು.

ಮುಂದಿನ ಮಾತು ನಿಮ್ಮ ಯಜಮಾನರಿಗೆ. ಈ ಪುಟವನ್ನು ಅವರ ಕೈಗೆ ಕೊಡಿ.

ತಮ್ಮಾ, ವೃಷಣಗಳು ಎರಡು ಬೇರೆ ಬೇರೆ ಕೆಲಸ ಮಾಡುತ್ತವೆ. ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ತಯಾರಿಸಿ ರಕ್ತಕ್ಕೆ ಬಿಡುವುದು ಒಂದು. ಮೀಸೆ, ಗಡಸು ದನಿ, ಆಸೆ, ನಿಮಿರುವಿಕೆ ಎಲ್ಲಕ್ಕೂ ಅದು ಬೇಕು. ತೀರಾ ತೆಳುವಾದ ನಾಳಗಳ ಒಳಗೆ ವೀರ್ಯಾಣು ತಯಾರಿಸುವುದು ಇನ್ನೊಂದು. ಮೊದಲನೆಯ ಕೆಲಸ ಚೆನ್ನಾಗಿ ನಡೆಯುತ್ತಿದ್ದು ಎರಡನೆಯದು ಪೂರ್ತಿ ನಿಂತಿರಬಹುದು. ಹೊರಗೆ ಬರುವ ವೀರ್ಯದಲ್ಲಿ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ದ್ರವ. ವೀರ್ಯಾಣುವಿನ ಪಾಲು ಬಹಳ ಸಣ್ಣದು. ಒಂದೇ ಒಂದು ವೀರ್ಯಾಣು ಇಲ್ಲದ ವೀರ್ಯವೂ ಬಣ್ಣದಲ್ಲಿ, ಪ್ರಮಾಣದಲ್ಲಿ ಹಾಗೆಯೇ ಕಾಣುತ್ತದೆ. ಆದ್ದರಿಂದ ‘ಎಲ್ಲ ಸರಿಯಾಗಿದೆ’ ಎಂದು ನಿಮಗಾಗಲಿ ನನಗಾಗಲಿ ನೋಡಿ ಹೇಳಲು ಬರುವುದಿಲ್ಲ, ಮೈಕ್ರೋಸ್ಕೋಪು ಮಾತ್ರ ಹೇಳಬಲ್ಲದು. ವರದಿಯಲ್ಲಿ ಕೊರತೆ ಕಂಡರೂ ನಿಮ್ಮ ಗಂಡಸ್ತನಕ್ಕೆ ಅದರಿಂದ ಕುಂದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಬಂದವರನ್ನು ಯಾರೂ ಕೀಳಾಗಿ ಕಾಣುವುದಿಲ್ಲ. ಇದನ್ನೂ ಹಾಗೆಯೇ ನೋಡಿ.

ಪರೀಕ್ಷೆಗೆ ಹೋಗುವ ಮುಂಚೆ ಎರಡರಿಂದ ಏಳು ದಿನ ವೀರ್ಯ ಹೋಗಿರಬಾರದು. ತೀರಾ ಹೆಚ್ಚು ದಿನ ತಡೆದರೆ ಒಳ್ಳೆಯದು ಎಂದು ತಿಂಗಳುಗಟ್ಟಲೆ ಕಾಯುವವರಿದ್ದಾರೆ, ಅದು ತಪ್ಪು. ಹಳೆಯ ವೀರ್ಯಾಣುಗಳ ಚಲನೆ ಕುಗ್ಗಿರುತ್ತದೆ. ಲ್ಯಾಬಿನ ಕೋಣೆಯಲ್ಲೇ ಕೊಡುವುದು ಉತ್ತಮ. ಅಲ್ಲಿ ಆಗುವುದೇ ಇಲ್ಲ ಎನ್ನುವವರು ಲ್ಯಾಬು ಕೊಟ್ಟ ಡಬ್ಬಿಯಲ್ಲಿ ಮನೆಯಲ್ಲೇ ಹಿಡಿದು, ಅಂಗಿಯೊಳಗೆ ಮೈಯ ಬಿಸಿಗೆ ಇಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಬೇಕು. ಕಾಂಡೋಮಿನಲ್ಲಿ ಹಿಡಿಯಬೇಡಿ. ಸೋಪು, ಎಣ್ಣೆ, ಎಂಜಲು ಯಾವುದೂ ತಾಗಬಾರದು. ಮೊದಲ ಹನಿಗಳು ಹೊರಗೆ ಚೆಲ್ಲಿದ್ದರೆ ನಾಚಿಕೊಳ್ಳದೆ ಹೇಳಿ, ಹೆಚ್ಚಿನ ವೀರ್ಯಾಣುಗಳು ಇರುವುದು ಅದರಲ್ಲೇ.

ಅತ್ತೆಯವರಿಗೆ ಒಂದು ಮಾತು. ಅಮ್ಮಾ, ಕೊರತೆ ನಿಮ್ಮ ಮಗನಲ್ಲಿದ್ದರೆ ಇನ್ನೊಂದು ಹೆಣ್ಣು ತಂದರೂ ತೊಟ್ಟಿಲು ತೂಗುವುದಿಲ್ಲ, ಎರಡನೆಯವಳೂ ಇದೇ ಫೈಲು ಹಿಡಿದು ಓಡಾಡುತ್ತಾಳೆ. ಮಗನನ್ನು ಲ್ಯಾಬಿಗೆ ಕಳಿಸಲು ಮನೆಯಲ್ಲಿ ನಿಮಗಿಂತ ಅಧಿಕಾರ ಯಾರಿಗೂ ಇಲ್ಲ. ದಯವಿಟ್ಟು ಕಳಿಸಿ.

ಪ್ರಶ್ನೆ: ಲಾರಿ ಓಡಿಸುತ್ತೇನೆ, ವಯಸ್ಸು 33. ತಿಂಗಳಲ್ಲಿ ಒಂದು ವಾರ ಮನೆಯಲ್ಲಿದ್ದರೆ ಹೆಚ್ಚು. ವರದಿಯಲ್ಲಿ ಕೌಂಟ್ 9 ಮಿಲಿಯನ್, ಚಲನೆ 25 ಎಂದು ಬಂದಿದೆ. ಎಡಗಡೆ ಬೀಜದ ಮೇಲೆ ನರ ಉಬ್ಬಿ ಗಂಟುಗಂಟಾಗಿದೆ, ನಿಂತರೆ ಜಗ್ಗಿದ ಹಾಗೆ ಆಗುತ್ತದೆ. ಪರೀಕ್ಷೆಗೆ ತಿಂಗಳ ಮುಂಚೆ ಡೆಂಗಿ ಜ್ವರ ಬಂದು ಮಲಗಿದ್ದೆ. ಮೆಡಿಕಲ್ ಶಾಪಿನವರು ಕೌಂಟ್ ಹೆಚ್ಚಿಸುವ ಮಾತ್ರೆ ಕೊಟ್ಟಿದ್ದಾರೆ. ಆಪರೇಷನ್ ಬೇಕೇ?
– ಚಳ್ಳಕೆರೆ

ಉತ್ತರ: ಜ್ವರದ ವಿಷಯ ಬರೆದದ್ದು ಬಹಳ ಒಳ್ಳೆಯದಾಯಿತು. ಒಂದು ವೀರ್ಯಾಣು ಹುಟ್ಟಿ, ಬೆಳೆದು, ಹೊರಬರಲು ಸುಮಾರು ಮೂರು ತಿಂಗಳು ಬೇಕು. ನಡುವೆ ಜೋರು ಜ್ವರ ಬಂದರೆ ಆ ಅವಧಿಯ ಫಸಲೇ ಕೆಡುತ್ತದೆ. ಆದ್ದರಿಂದ ಜ್ವರ ಬಿಟ್ಟು ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಜ್ವರ ಬಾರದವರಿಗೂ ಒಂದೇ ವರದಿ ನಂಬಿ ನಾನು ಚಿಕಿತ್ಸೆ ಶುರುಮಾಡುವುದಿಲ್ಲ. ಒಬ್ಬನೇ ಮನುಷ್ಯನ ಕೌಂಟ್ ವಾರದಿಂದ ವಾರಕ್ಕೆ ಏರಿಳಿಯುತ್ತದೆ.

ಅಂಕಿ ಓದುವುದು ಹೇಗೆಂದು ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಕೆಳಗಿನ ಗಡಿ ಹೀಗಿದೆ: ಪ್ರಮಾಣ 1.4 ಎಂಎಲ್, ಪ್ರತಿ ಎಂಎಲ್‌ಗೆ 16 ಮಿಲಿಯನ್ ಎಂದರೆ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಚಲಿಸುವವು ನೂರಕ್ಕೆ 42, ಸರಿಯಾದ ಆಕಾರದವು ನೂರಕ್ಕೆ 4. ಹೌದು, ನಾಲ್ಕೇ. ‘ನನ್ನವು 96 ಭಾಗ ಕೆಟ್ಟಿವೆ’ ಎಂದು ಕಣ್ಣೀರು ಹಾಕುತ್ತಾ ಬಂದವರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಈ ಗಡಿಗಳನ್ನು ಗೊತ್ತುಮಾಡಿದ್ದು ಒಂದು ವರ್ಷದೊಳಗೆ ಹೆಂಡತಿ ಬಸಿರಾದ ಗಂಡಸರ ವರದಿಗಳಿಂದ. ಅವರಲ್ಲೇ ನೂರಕ್ಕೆ ಐವರು ಈ ಅಂಕಿಗಿಂತ ಕೆಳಗಿದ್ದರು. ಗಡಿ ದಾಟಿದವನಿಗೆ ಮಗು ಖಚಿತ ಎಂದೇನಿಲ್ಲ, ಕೆಳಗಿದ್ದವನಿಗೆ ಆಗುವುದೇ ಇಲ್ಲ ಎಂದೂ ಇಲ್ಲ.

ಉಬ್ಬಿದ ನರ ಎಂದಿರಲ್ಲ, ಅದು ವೆರಿಕೋಸಿಲ್ ಇರಬೇಕು, ಉಬ್ಬಿರುವುದು ರಕ್ತನಾಳ. ಗಂಡಸರಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಇರುತ್ತದೆ, ಮಕ್ಕಳಾಗದೆ ಬರುವವರಲ್ಲಿ 35ರಿಂದ 40 ಮಂದಿಗೆ. ಹೆಚ್ಚಾಗಿ ಎಡಗಡೆಯೇ, ಏಕೆಂದರೆ ಎಡ ವೃಷಣದ ರಕ್ತನಾಳ ನೆಟ್ಟಗೆ ಮೇಲೇರಿ ಮೂತ್ರಪಿಂಡದ ನಾಳಕ್ಕೆ ಲಂಬವಾಗಿ ಸೇರುತ್ತದೆ. ಒಳಗಿನ ಕವಾಟ ಸಡಿಲವಾದರೆ ರಕ್ತ ಹಿಂದಕ್ಕೆ ಜಾರಿ ನಿಲ್ಲುತ್ತದೆ, ವೃಷಣದ ಬಿಸಿ ಏರುತ್ತದೆ. ವೃಷಣಗಳು ಹೊಟ್ಟೆಯ ಹೊರಗೆ ಚೀಲದಲ್ಲಿ ಇರುವುದೇ ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿರಲಿ ಎಂದು. ನಿಮ್ಮ ವಿಷಯದಲ್ಲಿ ಕ್ಯಾಬಿನ್ನಿನ ಇಂಜಿನ್ ಶಾಖ, ತಾಸುಗಟ್ಟಲೆ ತೊಡೆ ಕೂಡಿಸಿ ಕೂರುವುದು ಇವೂ ಸೇರಿವೆ. ಭಟ್ಟಿಯ ಮುಂದೆ ನಿಲ್ಲುವ ಬೇಕರಿ ಕೆಲಸದವರಿಗೂ ಇದೇ ತೊಂದರೆ. ಎರಡು ಗಂಟೆಗೊಮ್ಮೆ ಇಳಿದು ನಡೆಯಿರಿ, ಬಿಗಿ ಚಡ್ಡಿ ಬಿಟ್ಟು ಸಡಿಲವಾದದ್ದು ಹಾಕಿ. ಬೀಡಿ, ಗುಟ್ಕಾ ಇದ್ದರೆ ಇವತ್ತೇ ಬಿಡಿ.

ಮೂರು ತಿಂಗಳ ನಂತರವೂ ಕೌಂಟ್ ಕಡಿಮೆಯೇ ಇದ್ದು, ವೈದ್ಯರು ಕೈಯಿಂದ ಮುಟ್ಟಿದಾಗ ಗಂಟು ಸಿಕ್ಕುವಂತಿದ್ದರೆ, ಹೆಂಡತಿಗೆ ವಯಸ್ಸು ಇನ್ನೂ ಇದ್ದರೆ, ಆಪರೇಷನ್ ಮಾಡಿಸಬಹುದು. ತೊಡೆಸಂದಿಯ ಬಳಿ ಸಣ್ಣ ಗಾಯ ಮಾಡಿ, ಮೈಕ್ರೋಸ್ಕೋಪಿನಡಿ ಕೆಟ್ಟ ನಾಳಗಳನ್ನು ಮಾತ್ರ ಕಟ್ಟುತ್ತೇವೆ. ಫಲ ಕಾಣಲು ಮೂರರಿಂದ ಆರು ತಿಂಗಳು. ಎಲ್ಲರಿಗೂ ಸುಧಾರಿಸುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಟ್ಟಿದರೆ ಸಿಗದ, ಸ್ಕ್ಯಾನಿನಲ್ಲಿ ಮಾತ್ರ ಕಾಣುವ ವೆರಿಕೋಸಿಲ್‌ಗೆ ಆಪರೇಷನ್ ಬೇಡ.

ಮಾತ್ರೆಗಳ ಬಗ್ಗೆ: ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ದಂಪತಿಗಳಲ್ಲಿ ಗಂಡಂದಿರಿಗೆ ಸತು ಮತ್ತು ಫೋಲಿಕ್ ಆಸಿಡ್ ಕೊಟ್ಟು ನೋಡಿದ ದೊಡ್ಡ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮಾತ್ರೆ ನುಂಗಿದವರಿಗೂ ಸುಮ್ಮನೆ ಹುಸಿಗುಳಿಗೆ ನುಂಗಿದವರಿಗೂ ಮಕ್ಕಳಾದ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಆ ದುಡ್ಡಿಗೆ ಹಣ್ಣು, ಕಾಳು, ಮೊಟ್ಟೆ ತಿನ್ನಿ.

ಇನ್ನೊಂದು ಮಾತು, ಇದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಮುಟ್ಟು 28 ದಿನಕ್ಕೆ ಬರುವ ಹೆಂಗಸಿಗೆ ಅಂಡಾಣು ಬಿಡುಗಡೆಯಾಗುವುದು ಸುಮಾರು 14ನೇ ದಿನ. ಮುಟ್ಟಾದ ಮೊದಲ ದಿನದಿಂದ ಎಣಿಸಿ 10ರಿಂದ 16ನೇ ದಿನದವರೆಗೆ, ದಿನ ಬಿಟ್ಟು ದಿನ ಕೂಡಿದರೆ ಬಸಿರಾಗುವ ಸಂಭವ ಹೆಚ್ಚು. ನೀವು ಮನೆಗೆ ಬರುವ ಆ ಒಂದು ವಾರ ಈ ದಿನಗಳಲ್ಲಿ ಬೀಳುತ್ತಿದೆಯೇ? ಟ್ರಿಪ್ಪುಗಳನ್ನು ಹೆಂಡತಿಯ ಕ್ಯಾಲೆಂಡರ್ ನೋಡಿ ಹೊಂದಿಸಿಕೊಳ್ಳಿ. ಮಾಲೀಕರಿಗೆ ಕಾರಣ ಹೇಳಬೇಕಿಲ್ಲ.

ಪ್ರಶ್ನೆ: ಜಿಮ್‌ಗೆ ಹೋಗುತ್ತೇನೆ. ಎರಡು ವರ್ಷ ಟ್ರೇನರ್ ಹೇಳಿದ ಇಂಜೆಕ್ಷನ್ ತೆಗೆದುಕೊಂಡೆ. ಮೈ ಚೆನ್ನಾಗಿ ಬಂತು. ಈಗ ಮದುವೆಯಾಗಿ ವರ್ಷ ಕಳೆದಿದೆ, ಕೌಂಟ್ ಸೊನ್ನೆ, ಬೀಜ ಚಿಕ್ಕದಾಗಿದೆ. ಗಂಡಸ್ತನದ ಹಾರ್ಮೋನನ್ನೇ ತೆಗೆದುಕೊಂಡಿದ್ದು, ಹೀಗೇಕಾಯಿತು?
– ಮಂಗಳೂರು

ಉತ್ತರ: ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ಕಳಿಸಿ ವೃಷಣದಿಂದ ಕೆಲಸ ಮಾಡಿಸುತ್ತದೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದು ಬೀಳುತ್ತಿದ್ದರೆ, ರಕ್ತದಲ್ಲಿ ಸಾಕಷ್ಟಿದೆ ಎಂದು ಪಿಟ್ಯುಟರಿ ಸುಮ್ಮನಾಗುತ್ತದೆ. ವೀರ್ಯಾಣು ಬೆಳೆಯಲು ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟೆಸ್ಟೋಸ್ಟೆರಾನ್ ಬೇಕು. ಅದನ್ನು ವೃಷಣವೇ ಮಾಡಿಕೊಳ್ಳಬೇಕು, ಇಂಜೆಕ್ಷನ್ನಿನಿಂದ ಅಲ್ಲಿಗೆ ಮುಟ್ಟುವುದಿಲ್ಲ. ಈ ಕಾರಣಕ್ಕೇ ಟೆಸ್ಟೋಸ್ಟೆರಾನ್ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿ ಬಳಸಬಹುದೇ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹಿಂದೆ ಪ್ರಯೋಗ ನಡೆಸಿತ್ತು.

ಇವತ್ತೇ ನಿಲ್ಲಿಸಿ. ಬಹಳ ಮಂದಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ ವೀರ್ಯಾಣು ಮರಳುತ್ತದೆ, ಕೆಲವರಿಗೆ ಎರಡು ವರ್ಷ ಹಿಡಿಯುತ್ತದೆ, ಕೆಲವರಿಗೆ ಪೂರ್ತಿ ಮರಳುವುದಿಲ್ಲ. ನಿಲ್ಲಿಸಿದ ಮೊದಲ ತಿಂಗಳುಗಳಲ್ಲಿ ಸುಸ್ತು, ಬೇಸರ, ಆಸೆ ಇಳಿಯುವುದು ಇರುತ್ತದೆ. ಆಗ ತಡೆಯಲಾರದೆ ಮತ್ತೆ ಚುಚ್ಚಿಕೊಂಡವರಿದ್ದಾರೆ. ಹಾಗಾಗದಂತೆ ಹಾರ್ಮೋನು ತಜ್ಞರ ಉಸ್ತುವಾರಿಯಲ್ಲಿರಿ, ಎಚ್‌ಸಿಜಿ ಇಂಜೆಕ್ಷನ್ ಅಥವಾ ಕ್ಲೋಮಿಫೀನ್ ಮಾತ್ರೆಯಿಂದ ವೃಷಣವನ್ನು ಮತ್ತೆ ಎಬ್ಬಿಸಲು ಸಾಧ್ಯವಿದೆ. ಟ್ರೇನರ್ ಯಾವ ಹೆಸರಿನ ಔಷಧ ಕೊಟ್ಟರು ಎಂಬುದನ್ನು ವೈದ್ಯರ ಮುಂದೆ ಮುಚ್ಚಿಡಬೇಡಿ. ಇದನ್ನು ಓದುತ್ತಿರುವ ಉಳಿದವರಿಗೆ: ಕೌಂಟ್ ಕಡಿಮೆ ಎಂದು ಹೋದಾಗ ಯಾರಾದರೂ ಟೆಸ್ಟೋಸ್ಟೆರಾನ್ ಬರೆದುಕೊಟ್ಟರೆ ತೆಗೆದುಕೊಳ್ಳಬೇಡಿ, ಇರುವ ಕೌಂಟೂ ಇಳಿಯುತ್ತದೆ.

ಪ್ರಶ್ನೆ: ಎರಡು ಸಲ ಪರೀಕ್ಷೆ ಮಾಡಿಸಿದೆವು, ಎರಡೂ ಸಲ ‘ವೀರ್ಯಾಣು ಇಲ್ಲ’ ಎಂದು ಬಂತು. ಒಂದು ಆಸ್ಪತ್ರೆಯಲ್ಲಿ ವರದಿ ನೋಡಿದ ಕೂಡಲೇ ‘ಬೇರೆಯವರ ವೀರ್ಯ ತೆಗೆದುಕೊಳ್ಳಿ’ ಎಂದರು. ನನ್ನ ಬಟ್ಟೆ ಬಿಚ್ಚಿ ಪರೀಕ್ಷೆಯನ್ನೂ ಮಾಡಲಿಲ್ಲ. ನಾನು ಎತ್ತರದ ಆಳು, ಗಡ್ಡ ಅಷ್ಟಾಗಿ ಬರುವುದಿಲ್ಲ. ರಾತ್ರಿ ನಿದ್ದೆ ಇಲ್ಲ. ಹೆಂಡತಿಯ ಮುಖ ನೋಡಲು ಆಗುತ್ತಿಲ್ಲ.
– ವಿಜಯಪುರ ಜಿಲ್ಲೆ

ಉತ್ತರ: ನಿಮ್ಮ ಪತ್ರ ಎರಡು ಪುಟವಿತ್ತು, ನಾನು ಅಷ್ಟನ್ನೂ ಓದಿದೆ. ಈ ಸ್ಥಿತಿಗೆ ಅಜೂಸ್ಪರ್ಮಿಯಾ ಎನ್ನುತ್ತೇವೆ. ನೂರು ಗಂಡಸರಲ್ಲಿ ಒಬ್ಬರಿಗೆ, ಮಕ್ಕಳಾಗದೆ ಬರುವ ನೂರು ಗಂಡಸರಲ್ಲಿ ಹತ್ತು ಹದಿನೈದು ಮಂದಿಗೆ ಇರುತ್ತದೆ. ನೀವೊಬ್ಬರೇ ಅಲ್ಲ. ಸೊನ್ನೆ ಎಂಬ ವರದಿಯಿಂದ ವಿಚಾರಣೆ ಶುರುವಾಗಬೇಕು, ನಿಮ್ಮಲ್ಲಿ ಅದು ಅಲ್ಲೇ ಮುಗಿದುಹೋಗಿದೆ.

ನಾವು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಒಳಗೆ ತಯಾರಾಗುತ್ತಿದ್ದು ಹೊರಬರುವ ದಾರಿ ಮುಚ್ಚಿದೆಯೇ, ಇಲ್ಲಾ ತಯಾರಾಗುವುದೇ ನಿಂತಿದೆಯೇ? ಇದಕ್ಕೆ ಅರ್ಧ ಉತ್ತರ ಕೈಯಲ್ಲೇ ಸಿಗುತ್ತದೆ. ವೃಷಣ ಗಾತ್ರದಲ್ಲಿ ಚೆನ್ನಾಗಿದ್ದು, ರಕ್ತದಲ್ಲಿ ಎಫ್‌ಎಸ್‌ಎಚ್ ಸಹಜವಿದ್ದರೆ ದಾರಿ ಮುಚ್ಚಿರುವ ಸಂಭವ ಹೆಚ್ಚು. ವೃಷಣ ಚಿಕ್ಕದಾಗಿ, ಎಫ್‌ಎಸ್‌ಎಚ್ ಏರಿದ್ದರೆ ತಯಾರಿಕೆಯೇ ಕುಂದಿದೆ ಎಂದರ್ಥ. ವೃಷಣ ಮಾತು ಕೇಳುತ್ತಿಲ್ಲವೆಂದು ಪಿಟ್ಯುಟರಿ ದನಿ ಏರಿಸಿದೆ. ಆದ್ದರಿಂದ ಬಟ್ಟೆ ಬಿಚ್ಚಿಸಿ ಪರೀಕ್ಷಿಸದೆ ಯಾರೂ ಇದನ್ನು ತೀರ್ಮಾನಿಸಬಾರದು.

ದಾರಿ ಮುಚ್ಚಲು ಕಾರಣಗಳು ಹಲವು. ಗನೋರಿಯಾದಂಥ ಸೋಂಕು, ಚಿಕ್ಕಂದಿನಲ್ಲಿ ಆದ ಹರ್ನಿಯಾ ಆಪರೇಷನ್ನಿನಲ್ಲಿ ವೀರ್ಯನಾಳಕ್ಕೆ ಪೆಟ್ಟು, ನಮ್ಮ ದೇಶದಲ್ಲಿ ಮರೆಯಬಾರದ ಕ್ಷಯ. ಟಿಬಿ ಬರೀ ಶ್ವಾಸಕೋಶದ ರೋಗವಲ್ಲ, ವೃಷಣದ ಹಿಂದಿರುವ ಸುರುಳಿ ನಾಳವನ್ನೂ ಹಿಡಿದು ಗಟ್ಟಿಮಾಡುತ್ತದೆ. ಇನ್ನು ಕೆಲವರಿಗೆ ಹುಟ್ಟಿನಿಂದಲೇ ಎರಡೂ ಬದಿಯ ವೀರ್ಯನಾಳ ಇರುವುದಿಲ್ಲ. ವೀರ್ಯದ ಪ್ರಮಾಣ ಅರ್ಧ ಎಂಎಲ್ ಹತ್ತಿರ, ಅದರಲ್ಲಿ ಫ್ರಕ್ಟೋಸ್ ಸಕ್ಕರೆ ಇಲ್ಲ, ಹುಳಿ ಗುಣ ಎಂದು ವರದಿ ಬಂದರೆ ನನ್ನ ಮನಸ್ಸು ಅತ್ತ ಹೋಗುತ್ತದೆ. ಸಿಎಫ್‌ಟಿಆರ್ ಎಂಬ ವಂಶವಾಹಿಯ ದೋಷ ಹೆಚ್ಚಾಗಿ ಇದರ ಹಿಂದೆ ಇರುವುದರಿಂದ ಹೆಂಡತಿಗೂ ಆ ಪರೀಕ್ಷೆ ಬೇಕು, ಇಬ್ಬರಲ್ಲೂ ಇದ್ದರೆ ಮಗುವಿಗೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಠಿಣ ರೋಗ ಬರಬಹುದು. ದಾರಿ ಮುಚ್ಚಿದವರಲ್ಲಿ ಹೆಚ್ಚಿನವರಿಗೆ ಸೂಜಿಯಿಂದಲೇ ವೀರ್ಯಾಣು ತೆಗೆಯಬಹುದು.

ತಯಾರಿಕೆಯೇ ಕುಂದಿದ ಕಡೆ ಕಾರಣ ಹುಡುಕುವುದು ಇನ್ನೂ ಮುಖ್ಯ. ನೀವು ಬರೆದ ಮೈಕಟ್ಟು ನೋಡಿ ನನಗೆ ಕ್ಯಾರಿಯೋಟೈಪ್ ಎಂಬ ವರ್ಣತಂತು ಪರೀಕ್ಷೆ ಮೊದಲು ಆಗಲಿ ಅನ್ನಿಸುತ್ತದೆ. ಗಂಡಸಿಗೆ ಒಂದು ಎಕ್ಸ್, ಒಂದು ವೈ ಇರಬೇಕಾದಲ್ಲಿ ಇನ್ನೊಂದು ಎಕ್ಸ್ ಹೆಚ್ಚಿಗೆ ಇರುವ ಸ್ಥಿತಿಗೆ ಕ್ಲೈನ್‌ಫೆಲ್ಟರ್ ಎಂದು ಹೆಸರು. ಸುಮಾರು 650 ಗಂಡುಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ, ಹೆಚ್ಚಿನವರಿಗೆ ಮಕ್ಕಳಾಗದೆ ಪರೀಕ್ಷೆಗೆ ಬರುವವರೆಗೂ ಗೊತ್ತೇ ಇರುವುದಿಲ್ಲ. ನಿಮಗೆ ಅದೇ ಇದೆ ಎಂದು ಪತ್ರ ನೋಡಿ ಹೇಳುತ್ತಿಲ್ಲ. ಇದ್ದರೂ ಬಾಗಿಲು ಮುಚ್ಚಿಲ್ಲ: ಮೈಕ್ರೋಸ್ಕೋಪಿನಡಿ ವೃಷಣವನ್ನು ತೆರೆದು ಹುಡುಕುವ ಮೈಕ್ರೋ ಟೆಸೆ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಅಂಥವರಲ್ಲೂ ಅರ್ಧದ ಹತ್ತಿರ ಮಂದಿಗೆ ವೀರ್ಯಾಣು ಸಿಗುತ್ತದೆ. ಜೊತೆಗೆ ವೈ ವರ್ಣತಂತುವಿನಲ್ಲಿ ಚೂರು ಬಿಟ್ಟುಹೋಗಿದೆಯೇ ಎಂಬ ಪರೀಕ್ಷೆಯೂ ಬೇಕು. ವೀರ್ಯಾಣು ತಯಾರಿಕೆಗೆ ಬೇಕಾದ ಎ, ಬಿ, ಸಿ ಎಂಬ ಭಾಗಗಳು ಅದರಲ್ಲಿವೆ. ಎ ಅಥವಾ ಬಿ ಭಾಗ ಪೂರ್ತಿ ಇಲ್ಲವಾದರೆ ಆಪರೇಷನ್ ಮಾಡಿದರೂ ಸಿಗುವುದಿಲ್ಲ, ಮೊದಲೇ ತಿಳಿದರೆ ಗಾಯವೂ ಖರ್ಚೂ ತಪ್ಪುತ್ತದೆ. ಸಿ ಭಾಗವಾದರೆ ಸಿಗಬಹುದು, ಆದರೆ ಹುಟ್ಟುವ ಗಂಡುಮಗುವಿಗೂ ಅದೇ ಕೊರತೆ ಬಳುವಳಿಯಾಗಿ ಹೋಗುತ್ತದೆ. ಇದನ್ನು ದಂಪತಿಗಳಿಗೆ ಮೊದಲೇ ತಿಳಿಸಬೇಕು.

ಔಷಧಕ್ಕೆ ಚೆನ್ನಾಗಿ ಬಗ್ಗುವ ಒಂದು ಬಗೆಯೂ ಇದೆ. ಪಿಟ್ಯುಟರಿಯ ಹಾರ್ಮೋನುಗಳೇ ಬರದೆ ವೃಷಣ ಮಲಗಿರುವುದು. ಅಂಥ ಕೆಲವರಿಗೆ ಹುಟ್ಟಿನಿಂದ ವಾಸನೆಯೂ ತಿಳಿಯುವುದಿಲ್ಲ. ಮಲ್ಲಿಗೆಯ ವಾಸನೆ, ಒಗ್ಗರಣೆಯ ಘಮ ಗೊತ್ತಾಗುತ್ತದೆಯೇ ಎಂದು ನಾನು ಸೊನ್ನೆ ವರದಿಯವರನ್ನೆಲ್ಲ ಕೇಳುತ್ತೇನೆ. ವಾರಕ್ಕೆ ಎರಡು ಮೂರು ಸಲದಂತೆ ಆರು ತಿಂಗಳಿಂದ ಎರಡು ವರ್ಷ ಆ ಹಾರ್ಮೋನುಗಳ ಕೆಲಸ ಮಾಡುವ ಇಂಜೆಕ್ಷನ್ ಕೊಟ್ಟರೆ ಇವರಲ್ಲಿ ಬಹುಮಂದಿಗೆ ವೀರ್ಯಾಣು ಹುಟ್ಟುತ್ತದೆ.

ಸಿಕ್ಕ ವೀರ್ಯಾಣು ಬೆರಳೆಣಿಕೆಯಷ್ಟೇ ಇದ್ದರೂ ಈಗ ಸಾಕು. 1992ರಲ್ಲಿ ಬೆಲ್ಜಿಯಮ್ಮಿನ ಬ್ರಸೆಲ್ಸ್‌ನ ವೈದ್ಯರು ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಇಟ್ಟು ಬಸಿರು ನಿಲ್ಲಿಸಿದ ಇಕ್ಸಿ ವಿಧಾನವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ನಿಮ್ಮಂಥವರಿಗೆ ಹೇಳಲು ವೈದ್ಯರ ಬಳಿ ಹೆಚ್ಚೇನೂ ಇರಲಿಲ್ಲ.

ಎಲ್ಲ ನೋಡಿದ ಮೇಲೂ ಸಿಗದಿದ್ದರೆ ದಾನಿಯ ವೀರ್ಯ ಅಥವಾ ದತ್ತು, ಎರಡೂ ಗೌರವದ ದಾರಿಗಳೇ. ನಮ್ಮ ದೇಶದಲ್ಲಿ 2021ರ ಸಂತಾನ ನೆರವು ತಂತ್ರಜ್ಞಾನ ಕಾಯ್ದೆಯಂತೆ ದಾನಿಯ ವೀರ್ಯ ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು, ದಂಪತಿಗಳ ಲಿಖಿತ ಒಪ್ಪಿಗೆ ಇರಬೇಕು, ಹುಟ್ಟಿದ ಮಗು ಕಾನೂನಿನ ಪ್ರಕಾರ ನಿಮ್ಮದೇ. ಆದರೆ ಆ ನಿರ್ಧಾರ ನಿಮ್ಮಿಬ್ಬರದು, ವರದಿ ಓದಿದ ಅರ್ಧ ನಿಮಿಷದಲ್ಲಿ ಇನ್ನೊಬ್ಬರು ಮಾಡುವಂಥದ್ದಲ್ಲ. ಇವತ್ತು ರಾತ್ರಿ ಹೆಂಡತಿಯ ಜೊತೆ ಕೂತು ಇದನ್ನು ಓದಿ. ನೀವು ಅವರಿಂದ ಮುಖ ತಿರುಗಿಸಿದರೆ ಅವರು ಅದಕ್ಕೆ ಬೇರೆಯೇ ಅರ್ಥ ಕಟ್ಟಿಕೊಳ್ಳುತ್ತಾರೆ. ನಿದ್ದೆಯಿಲ್ಲದ ರಾತ್ರಿಗಳು ಮುಂದುವರಿದರೆ, ಸಾಯುವ ಯೋಚನೆ ಬಂದರೆ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ವಯಸ್ಸು 38, ಹತ್ತು ವರ್ಷದಿಂದ ಶುಗರ್ ಇದೆ. ಸುಖ ಆಗುತ್ತದೆ, ಆದರೆ ವೀರ್ಯ ಹೊರಗೆ ಬರುವುದೇ ಇಲ್ಲ.
– ಶಿವಮೊಗ್ಗ

ಉತ್ತರ: ವೀರ್ಯ ಹೊರಡುವ ಹೊತ್ತಿಗೆ ಮೂತ್ರಕೋಶದ ಬಾಯಿ ಮುಚ್ಚಿಕೊಳ್ಳಬೇಕು. ಸಕ್ಕರೆ ಕಾಯಿಲೆಯಿಂದ ನರ ಸೋತರೆ ಅದು ಮುಚ್ಚುವುದಿಲ್ಲ, ವೀರ್ಯ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುತ್ತದೆ. ಸುಖವಾದ ಕೂಡಲೇ ಮಾಡಿದ ಮೂತ್ರವನ್ನು ಪರೀಕ್ಷಿಸಿದರೆ ಅದರಲ್ಲಿ ವೀರ್ಯಾಣು ಸಿಗುತ್ತದೆ. ಕೆಲವರಿಗೆ ಮಾತ್ರೆಯಿಂದ ಸರಿಹೋಗುತ್ತದೆ, ಇಲ್ಲವಾದರೆ ಆ ಮೂತ್ರದಿಂದಲೇ ವೀರ್ಯಾಣು ಬೇರ್ಪಡಿಸಿ ಬಳಸುತ್ತೇವೆ. ಮೂತ್ರ ಸಲೀಸಾಗಲು ಟ್ಯಾಮ್ಸುಲೋಸಿನ್ ಎಂಬ ಮಾತ್ರೆ ನುಂಗುತ್ತಿದ್ದರೆ ಅದೂ ಹೀಗೆ ಮಾಡುತ್ತದೆ. ಚೀಟಿ ತೆಗೆದು ನೋಡಿ.

ಪ್ರಶ್ನೆ: ಭತ್ತ, ಹತ್ತಿ ಬೆಳೆಗೆ ಹದಿನೈದು ವರ್ಷದಿಂದ ನಾನೇ ಔಷಧಿ ಹೊಡೆಯುತ್ತೇನೆ. ಕೌಂಟ್ ಕಡಿಮೆ ಇದೆ. ಔಷಧಿಯಿಂದ ಹೀಗಾಗುತ್ತದೆಯೇ?
– ಸಿಂಧನೂರು

ಉತ್ತರ: ಆಗಿದ್ದುಂಟು. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಲಾಥ್ರೋಪ್ ಎಂಬಲ್ಲಿ, ಮಣ್ಣಿನ ಜಂತುಹುಳು ಕೊಲ್ಲುವ ಡಿಬಿಸಿಪಿ ಎಂಬ ವಿಷ ತಯಾರಿಸುವ ಕಾರ್ಖಾನೆಯ ಕೆಲಸಗಾರರು ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುವಾಗ ಯಾರಿಗೂ ಮಕ್ಕಳಾಗುತ್ತಿಲ್ಲ ಎಂಬುದು ಹೊರಬಿತ್ತು. ಪರೀಕ್ಷೆಯಲ್ಲಿ ಹಲವರ ಕೌಂಟ್ ಸೊನ್ನೆ ಇತ್ತು. ಎರಡು ವರ್ಷದಲ್ಲಿ ಅಲ್ಲಿ ಅದರ ಬಳಕೆ ಬಹುಪಾಲು ನಿಂತಿತು. ಪತ್ತೆ ಮಾಡಿದ್ದು ಕೆಲಸಗಾರರೇ ಎಂಬುದನ್ನು ಗಮನಿಸಿ. ನಾಚಿಕೆ ಬಿಟ್ಟು ಒಬ್ಬರಿಗೊಬ್ಬರು ಹೇಳಿಕೊಂಡದ್ದರಿಂದಲೇ ಅದು ಬಯಲಾಯಿತು.

ನೀವು ಹೊಡೆಯುವುದು ಬೇರೆ ಔಷಧಿಗಳು. ಅವುಗಳಲ್ಲೂ ಕೆಲವು ವೀರ್ಯದ ಗುಣ ಕುಗ್ಗಿಸುತ್ತವೆ ಎಂದು ತೋರಿಸಿದ ಅಧ್ಯಯನಗಳಿವೆ, ಆದರೆ ನಿಮ್ಮೊಬ್ಬರ ಕೊರತೆಗೆ ಅದೇ ಕಾರಣ ಎಂದು ಹೇಳಲಾಗದು. ಉಳಿದ ಪರೀಕ್ಷೆಗಳು ಆಗಲೇಬೇಕು. ಸದ್ಯಕ್ಕೆ ಒಂದು ಹಂಗಾಮು ಹೊಡೆಯುವ ಕೆಲಸ ಬೇರೆಯವರಿಗೆ ಕೊಟ್ಟು, ಮೂರು ತಿಂಗಳ ಮೇಲೆ ಮತ್ತೆ ಕೌಂಟ್ ನೋಡಿ. ಹೊಡೆಯುವವರು ಯಾರೇ ಇರಲಿ, ಲುಂಗಿ ಬನಿಯನ್ನಿನಲ್ಲಿ ಇಳಿಯಬಾರದು. ಕೈಗವಸು, ಮುಖಗವಸು, ಉದ್ದ ತೋಳಿನ ಅಂಗಿ, ಪ್ಯಾಂಟು, ಬೂಟು ಹಾಕಬೇಕು. ವಿಷ ಹೆಚ್ಚು ಹೋಗುವುದು ಚರ್ಮದ ಮೂಲಕ. ಬರಿಗೈಯಲ್ಲಿ ಕಲಸಬೇಡಿ, ಮುಗಿಸಿದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಿ, ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಲು ಹಾಕಬೇಡಿ.

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ಒಂದು ಕಡೆ ಬೀಜ ಇಳಿದಿಲ್ಲ. ದೊಡ್ಡವನಾದಂತೆ ಇಳಿಯುತ್ತದೆ ಎಂದು ಊರಿನಲ್ಲಿ ಹೇಳುತ್ತಾರೆ.
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ಅಮ್ಮಾ, ಆರು ತಿಂಗಳೊಳಗೆ ಇಳಿಯದಿದ್ದರೆ ಆಮೇಲೆ ತಾನಾಗಿ ಇಳಿಯುವುದು ಬಹಳ ಅಪರೂಪ. ಆರರಿಂದ ಹದಿನೆಂಟು ತಿಂಗಳೊಳಗೆ ಆಪರೇಷನ್ ಮಾಡಿ ಇಳಿಸಬೇಕಿತ್ತು. ಹೊಟ್ಟೆಯ ಬಿಸಿಯಲ್ಲಿ ಉಳಿದಷ್ಟೂ ಆ ವೃಷಣ ಕೆಡುತ್ತದೆ, ಮುಂದೆ ಅದರಲ್ಲಿ ಕ್ಯಾನ್ಸರ್ ಬರುವ ಅಪಾಯವೂ ಹೆಚ್ಚು. ಈ ವಾರವೇ ಮಕ್ಕಳ ಶಸ್ತ್ರವೈದ್ಯರಿಗೆ ತೋರಿಸಿ. ಗಂಡುಮಕ್ಕಳಿರುವ ಎಲ್ಲ ಮನೆಗಳಿಗೂ ಇನ್ನೆರಡು ಎಚ್ಚರಿಕೆ. ಹುಡುಗನಿಗೆ ಇದ್ದಕ್ಕಿದ್ದಂತೆ ಒಂದು ಬೀಜ ಜೋರಾಗಿ ನೋಯತೊಡಗಿ ವಾಂತಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ಬೀಜ ತಿರುಚಿಕೊಂಡು ರಕ್ತ ನಿಂತಿರಬಹುದು, ಆರು ಗಂಟೆಯೊಳಗೆ ಬಿಡಿಸಿದರೆ ಉಳಿಯುತ್ತದೆ. ಇನ್ನು ಮಂಗನಬಾವು: ಪ್ರಾಯಕ್ಕೆ ಬಂದ ಮೇಲೆ ಬಂದರೆ ಕೆಲವರಿಗೆ ವೃಷಣವೂ ಬಾತು ಸೊರಗುತ್ತದೆ. ಸರ್ಕಾರಿ ಲಸಿಕೆ ಪಟ್ಟಿಯ ಎಂಆರ್ ಲಸಿಕೆ ದಡಾರ ಮತ್ತು ರುಬೆಲ್ಲಾಕ್ಕೆ ಮಾತ್ರ. ಮಂಗನಬಾವನ್ನೂ ತಡೆಯುವ ಎಂಎಂಆರ್ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ.

ಪ್ರಶ್ನೆ: ನನಗೆ 22. ಹಸ್ತಮೈಥುನದ ಅಭ್ಯಾಸವಿದೆ. ಧಾತು ನಷ್ಟವಾಗಿ ಮುಂದೆ ಮಕ್ಕಳಾಗುವುದಿಲ್ಲ ಎಂದು ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಓದಿದೆ. ಲೇಹ್ಯಕ್ಕೆ ಎಂಟು ಸಾವಿರ ಕೇಳುತ್ತಿದ್ದಾರೆ.
– ಹೆಸರಿಲ್ಲ

ಉತ್ತರ: ಕೊಡಬೇಡಿ. ಹಸ್ತಮೈಥುನದಿಂದ ಬಂಜೆತನ ಬರುವುದಿಲ್ಲ, ಶಕ್ತಿ ಸೋರುವುದಿಲ್ಲ. ವೃಷಣ ದಿನವೂ ಕೋಟಿಗಟ್ಟಲೆ ವೀರ್ಯಾಣು ತಯಾರಿಸುತ್ತಲೇ ಇರುತ್ತದೆ. ನಿಮಗೆ ಯಾವ ಔಷಧವೂ ಬೇಡ.

ಪ್ರಶ್ನೆ: ತಮ್ಮನಿಗೆ 24 ವರ್ಷ, ಲಿಂಫೋಮಾ ಎಂಬ ಕ್ಯಾನ್ಸರ್. ಮುಂದಿನ ವಾರ ಕೀಮೋ ಶುರು. ವಾಸಿಯಾಗುವ ಸಂಭವ ಚೆನ್ನಾಗಿದೆ ಎಂದಿದ್ದಾರೆ. ಮದುವೆಯಾಗಿಲ್ಲ. ಮುಂದೆ ಮಕ್ಕಳಾಗುತ್ತವೆಯೇ ಎಂದು ಈಗ ಕೇಳುವುದು ಸರಿಯೇ?
– ಅಕ್ಕ, ತುಮಕೂರು

ಉತ್ತರ: ನಿಮ್ಮ ಪತ್ರ ಬಂದ ದಿನವೇ ನಿಮಗೆ ಉತ್ತರ ಬರೆದು ಕಳಿಸಿದ್ದೇನೆ. ಇಲ್ಲಿ ಅಚ್ಚು ಮಾಡಿಸುತ್ತಿರುವುದು ಇದೇ ಸ್ಥಿತಿಯಲ್ಲಿರುವ ಬೇರೆ ಮನೆಗಳಿಗಾಗಿ. ಕೇಳಬೇಕಾದ್ದು ಈಗಲೇ. ಕೀಮೋದ ಕೆಲವು ಔಷಧಿಗಳು ವೀರ್ಯಾಣುವಿನ ಮೂಲಕಣಗಳನ್ನೇ ಸುಡುತ್ತವೆ. ಕೆಲವರಿಗೆ ಒಂದೆರಡು ವರ್ಷದಲ್ಲಿ ಮರಳುತ್ತದೆ, ಕೆಲವರಿಗೆ ಎಂದಿಗೂ ಇಲ್ಲ. ಯಾರಿಗೆ ಎಂದು ಮೊದಲೇ ಹೇಳಲಾಗದು. ಅದಕ್ಕೆ ಕೀಮೋದ ಮೊದಲ ಹನಿ ಹೋಗುವ ಮುಂಚೆ ವೀರ್ಯವನ್ನು ತೆಗೆದಿಡಬೇಕು. ಒಂದೆರಡು ದಿನದ ಅಂತರದಲ್ಲಿ ಎರಡು ಮೂರು ಮಾದರಿ ಕೊಟ್ಟರೆ ಸಾಕು, ಚಿಕಿತ್ಸೆ ತಡವಾಗುವುದಿಲ್ಲ. ದ್ರವ ನೈಟ್ರೋಜನ್ನಿನಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ ವರ್ಷಗಟ್ಟಲೆ ಕೆಡದೆ ಇರುತ್ತದೆ. ಕಾಯಿಲೆಯಿಂದಲೇ ಕೌಂಟ್ ಇಳಿದಿದ್ದರೂ ತೆಗೆದಿಡಿ, ಇಕ್ಸಿಗೆ ಸ್ವಲ್ಪವೇ ಸಾಕು. ಎಚ್‌ಐವಿ, ಹೆಪಟೈಟಿಸ್ ರಕ್ತ ಪರೀಕ್ಷೆಯ ವರದಿ ಕೇಳುತ್ತಾರೆ, ಅದನ್ನು ಕೈಯಲ್ಲಿಟ್ಟುಕೊಂಡೇ ಹೋಗಿ. ತಮ್ಮನಿಗೆ ಅಕ್ಕನ ಎದುರು ಸಂಕೋಚವಾದರೆ ಒಬ್ಬ ಗೆಳೆಯನನ್ನು ಜೊತೆಗೆ ಕಳಿಸಿ. ಕ್ಯಾನ್ಸರ್ ವೈದ್ಯರು ತಾವಾಗಿ ಈ ಮಾತು ಎತ್ತದಿದ್ದರೆ ನೀವೇ ಎತ್ತಿ, ವೀರ್ಯ ಬ್ಯಾಂಕಿಗೆ ಅವರಿಂದಲೇ ಒಂದು ಚೀಟಿ ಬರೆಸಿಕೊಳ್ಳಿ.